ದೊರೆ ಕಟ್ಟಿಸಿದ ಚಿತ್ರಶಾಲೆ

“ಕಾಗದದ ಪಟ ಯಾರ್ಗಾದ್ರೂ ಕೊಡಿ ಸಾಬ್ರೇ. ಆ ಗಾಜು ಮಾತ್ರ ಈ ಮನೇಲಿ ಬುಟ್ಟೋಗ್ಬ್ಯಾಡಿ.”

ಬಂಗಲೆಯ ಕಸ ಗುಡಿಸುವ ಮುನಿತಾಯಮ್ಮ ಪಿಸುದನಿಯಲ್ಲಿ ಇಷ್ಟು ಹೇಳಿ ಬಾಗಿಲ ಕಡೆ ನೋಡಿದಳು. ಹಬೀಬ್ ಕ್ಯಾಮೆರಾದ ಮುಕ್ಕಾಲಿಯನ್ನು ನೆಲಕ್ಕೂರುತ್ತ ನಕ್ಕುಬಿಟ್ಟ.

“ಯಾಕಮ್ಮ? ಇಲ್ಲಿ ಗಾಜು ತಿನ್ನೋ ದೆವ್ವ ಇದೆಯಾ?”

“ಮಾಗಡಿ ಕಡೆಯಿಂದ ಗಂಗಹನುಮಯ್ಯ ಅಂತ ಒಬ್ಬ ಅಮಾಸೆ ಅಮಾಸೆಗೂ ಬತ್ತಾನೆ. ಪಟ ನೋಡಕ್ ಬರಾ ಆಸಾಮಿ ಅಲ್ಲ. ಮಾಟದೋನು.”

“ಬರಲಿ ಬಿಡಿ. ಅವನದೂ ಒಂದು ಪಟ ತೆಗೆಯೋಣ.”

ಅದು ೧೯೫೫. ಬೆಂಗಳೂರಿನ ದಂಡು ಪ್ರದೇಶದಲ್ಲಿ ಹಬೀಬ್ ನಡೆಸುತ್ತಿದ್ದ ಸ್ಟುಡಿಯೋ ಮುಚ್ಚಿ ಎಂಟು ತಿಂಗಳಾಗಿತ್ತು. ಅಂಥ ಹೊತ್ತಿನಲ್ಲಿ ಕೂಟಗಲ್ಲಿನ ಮುದ್ದುಲಿಂಗರಾಜೇ ಅರಸರು ಅವನನ್ನು ಕರೆಸಿಕೊಂಡಿದ್ದರು. ಅವರದು ಹಳೆಯ ಪಾಳೆಯಗಾರರ ವಂಶ. ಅಧಿಕಾರ ಎಂದೋ ಹೋಗಿದ್ದರೂ ಸುತ್ತಲಿನವರ ಬಾಯಲ್ಲಿ ಅವರು ಇನ್ನೂ ದೊರೆಗಳೇ. ಕುದುರೆಲಾಯ ಕೆಡವಿ ಆ ಜಾಗದಲ್ಲಿ ಚಿತ್ರಶಾಲೆ ಕಟ್ಟಿಸಿದ್ದರು.

“ಈ ಗೋಡೆಗೆ ನಮ್ಮ ಹಿರಿಯರ ತೈಲಚಿತ್ರ. ಎದುರು ಗೋಡೆಗೆ ಜನರ ಮುಖ. ಕುರಿ ಕಾಯೋರು, ಕಲ್ಲು ಒಡೆಯೋರು. ಇನ್ನು ಅವರದೇ ಕಾಲ ಅಲ್ಲವೇ, ಹಬೀಬ್?”

ಯಾವ ದೊರೆ ಹೀಗೆ ಮಾತಾಡಿದ್ದ? ಹಬೀಬ್ ಕೈಮುಗಿದ. ಅರಸರು ಅವನಿಗೆ ಜರ್ಮನಿಯ ಲೆನ್ಸ್ ತರಿಸಿಕೊಟ್ಟರು. ಡಾರ್ಕ್‌ರೂಮ್ ಕಟ್ಟಿಸಿದರು. ಪಕ್ಕದಲ್ಲಿ ಕೂರಿಸಿಕೊಂಡು ಊಟ ಮಾಡಿದರು, ‘ಮಗನೇ’ ಎಂದು ಕರೆದರು. ಆಗ ಅವರ ದೃಷ್ಟಿ ಬಹಳ ಮಂದವಾಗಿತ್ತು. ಭೂತಗನ್ನಡಿ ಹಿಡಿಯದೆ ಪಟವೇ ಕಾಣುತ್ತಿರಲಿಲ್ಲ. ಚಿತ್ರ ಮೂಡಿದ ಗಾಜಿನ ಪ್ಲೇಟುಗಳೆಲ್ಲ ತಮ್ಮ ಖಾಸಾ ಕೋಣೆಯಲ್ಲೇ ಭದ್ರವಾಗಿರಲಿ ಎಂದು ಅವರು ಕೇಳಿದಾಗ ಹಬೀಬ್ ಸಂತೋಷದಿಂದಲೇ ಒಪ್ಪಿದ.

ಯಾರ ಪಟ ತೆಗೆಯಬೇಕೆಂಬುದನ್ನೂ ಅರಸರೇ ಆರಿಸಿದರು. ಚನ್ನಪಟ್ಟಣದಲ್ಲಿ ಗೊಂಬೆಗಳಿಗೆ ಕಣ್ಣು ಬರೆಯುವ ಒಬ್ಬ ಮುದುಕ. ಕನಕಪುರದ ಒಬ್ಬ ಕಲ್ಲುಕುಟಿಗ. ಮುನಿತಾಯಮ್ಮನ ತಮ್ಮ ಚನ್ನಯ್ಯ; ಬೆಟ್ಟದ ನೆತ್ತಿಯಲ್ಲಿ ಮೇಯುವ ಕುರಿ ಯಾರದೆಂದು ಕೆರೆ ಏರಿಯ ಮೇಲೆ ನಿಂತೇ ಹೇಳುವವನು. ನಾಲ್ಕನೆಯವಳು ರಾಮನಗರದಲ್ಲಿ ರೇಷ್ಮೆ ಬಿಚ್ಚುವ ಗುಲ್ಜಾರ್ ಬೀ, ಹಬೀಬನ ಖಾಲಾ, ಅಂದರೆ ತಾಯಿಯ ತಂಗಿ. ಕುದಿನೀರಿನ ಹಬೆಯೊಳಗೂ ಗೂಡಿನ ಎಳೆಯ ತುದಿ ಅವಳ ಕಣ್ಣು ತಪ್ಪುತ್ತಿರಲಿಲ್ಲ.

ಅಕ್ಕನ ಮಾತು ಕೇಳಿ ಚನ್ನಯ್ಯ ಹಿಂಜರಿದಿದ್ದ. ಹಬೀಬನೇ ಅವನ ಹೆಗಲ ಮೇಲೆ ಕೈಹಾಕಿ ಒಪ್ಪಿಸಿದ. “ನಾನಿದ್ದೀನಲ್ಲ ಚನ್ನಯ್ಯ. ನನ್ನ ನಂಬು. ಲೆನ್ಸನ್ನೇ ನೋಡು, ಕಣ್ಣು ಮಿಟುಕಿಸಬೇಡ.”

ಎರಡು ಅಮಾವಾಸ್ಯೆ ಕಳೆಯಿತು. ಚನ್ನಯ್ಯನ ಕಣ್ಣುಗಳು ಸುಣ್ಣ ಬಳಿದಂತೆ ಬೆಳ್ಳಗಾದವು. ಚನ್ನಪಟ್ಟಣದಿಂದಲೂ ಕನಕಪುರದಿಂದಲೂ ಅದೇ ಸುದ್ದಿ ಬಂತು. ಗುಲ್ಜಾರ್ ಬೀ ಎಳೆ ಕಾಣದೆ ಕುದಿನೀರಿಗೇ ಕೈ ಅದ್ದಿಬಿಟ್ಟಳು. ಅರಸರು ಕಣ್ಣೀರು ಹಾಕಿ ಅವಳನ್ನು ತಮ್ಮ ಕಾರಿನಲ್ಲೇ ಬೆಂಗಳೂರಿನ ಆಸ್ಪತ್ರೆಗೆ ಕಳಿಸಿಕೊಟ್ಟರು. ಡಾಕ್ಟರು ಹನಿ ಔಷಧ ಕೊಟ್ಟು ನೋಡೋಣ ಎಂದರು. ಹಬೀಬ್ ಅರಸರ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ.

ಅವನ ಎಡಗಣ್ಣೂ ಮಂಜಾಗತೊಡಗಿತ್ತು. ಡಾರ್ಕ್‌ರೂಮಿನ ರಸಾಯನಗಳ ಘಾಟಿಗೆ ಹೀಗಾಗಿದೆ ಎಂದುಕೊಂಡ. ಹಿಂದಿನ ತಿಂಗಳು ಅರಸರು ಒತ್ತಾಯ ಮಾಡಿ ಅವನದೂ ಒಂದು ಪಟ ತೆಗೆಸಿದ್ದರು. ಕಲಾವಿದನ ಮುಖವಿಲ್ಲದೆ ಚಿತ್ರಶಾಲೆಗೇನು ಚೆಂದ ಎಂದಿದ್ದರು.

ಒಂದು ಮಧ್ಯಾಹ್ನ ಹೊಸ ಪ್ಲೇಟುಗಳ ಪೆಟ್ಟಿಗೆ ಬಂತು. ಅದರ ಮೂಲೆಯಲ್ಲಿ ಇರುವೆ ಹರಿದಂತೆ ಅಚ್ಚಾಗಿದ್ದ ಇಂಗ್ಲಿಷ್ ಅಕ್ಷರಗಳನ್ನು ಅರಸರು ದೂರದಿಂದಲೇ ಗಟ್ಟಿಯಾಗಿ ಓದಿದರು. ಕೈಯಲ್ಲಿ ಭೂತಗನ್ನಡಿ ಇರಲಿಲ್ಲ. ಅವರ ಕಣ್ಣು ಹದಿನೆಂಟರ ಹುಡುಗನ ಕಣ್ಣಿನಂತೆ ಹೊಳೆಯುತ್ತಿತ್ತು.

ಗಾಜು ಈ ಮನೆಯಲ್ಲಿ ಬಿಡಬೇಡಿ ಎಂದಿದ್ದ ಮುನಿತಾಯಮ್ಮನ ಮಾತು ಹಬೀಬನಿಗೆ ನೆನಪಾಯಿತು.

ಅರಸರು ಊಟಕ್ಕೆದ್ದ ಕೂಡಲೇ ಅವನು ಖಾಸಾ ಕೋಣೆಗೆ ಹೋದ. ಅಂದು ಅಮಾವಾಸ್ಯೆ. ಯಾವುದೋ ಪೂಜೆಗೆ ಅಣಿಮಾಡುತ್ತ ಬೀಗ ಹಾಕದೆ ಬಿಟ್ಟಿದ್ದರು. ಕಿಟಕಿಗಳಿಗೆ ಕರಿಕಂಬಳಿ ಇಳಿಬಿಟ್ಟು ಹಗಲನ್ನು ಹೊರಗೆ ನಿಲ್ಲಿಸಿದ್ದರು. ಸುಟ್ಟ ಕೂದಲ ವಾಸನೆ. ಹರಳೆಣ್ಣೆಯ ಕಮಟು. ಒಂಟಿ ದೀಪದ ಮುಂದೆ ಐದು ಗಾಜು ಸಾಲಾಗಿ ನಿಂತಿದ್ದವು. ನಾಲ್ಕು ಮುಖಗಳ ಕಣ್ಣುಗಳ ಮೇಲೆ ಬೆರಳಿನಿಂದ ದಪ್ಪಗೆ ಮಸಿ ಹಚ್ಚಿತ್ತು. ಪ್ಲೇಟಿನಲ್ಲಿ ಕಪ್ಪಾದದ್ದು ಕಾಗದದ ಮೇಲೆ ಬಿಳಿಯಾಗಿ ಬರುತ್ತದೆ; ಅದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಐದನೆಯದು ಅವನದೇ ಮುಖ. ಎಡಗಣ್ಣಿಗೆ ಮಾತ್ರ ಮಸಿ.

“ಇನ್ನೊಂದು ಇವತ್ತಿಗೆ.”

ಬಾಗಿಲಲ್ಲಿ ಅರಸರು ನಿಂತಿದ್ದರು. ಪಕ್ಕದಲ್ಲಿ ಗಂಗಹನುಮಯ್ಯ. ಅವನ ಬೆರಳ ತುದಿಗಳು ಕಪ್ಪಗಿದ್ದವು.

“ನನ್ನನ್ನ ಮಗ ಅಂದಿರಿ...”

“ಅದಕ್ಕೇ ನಿನ್ನನ್ನ ಕೊನೆಗೆ ಇಟ್ಟುಕೊಂಡೆ.” ಅರಸರ ದನಿಯಲ್ಲಿ ಎಂದಿನ ಅಕ್ಕರೆಯೇ ಇತ್ತು. “ನಮ್ಮ ಮುತ್ತಾತ ಒಬ್ಬ ಚಿತ್ರಗಾರನ ಕಣ್ಣು ಕೀಳಿಸಿದ. ಅವನ ಶಾಪದಿಂದ ಈ ಮನೆಯ ಗಂಡಸರಿಗೆಲ್ಲ ಐವತ್ತಕ್ಕೆ ಕುರುಡು. ತಪ್ಪಿಸಿಕೊಳ್ಳೋದಕ್ಕೆ ಬೇರೆಯವರ ಬೆಳಕು ಬೇಕು. ಅವರಾಗಿಯೇ ಬಂದು ಕೂತು ಕೊಡಬೇಕು. ನಾನು ಕರೆದಿದ್ದರೆ ಹೆದರುತ್ತಿದ್ದರು. ನೀನು ಕರೆದೆ, ಬಂದರು.”

ಹಬೀಬ್ ಕೈಗೆ ಸಿಕ್ಕಷ್ಟು ಗಾಜು ಬಾಚಿಕೊಂಡ. ನಾಲ್ಕು ಸಿಕ್ಕವು. ತನ್ನದು ಅಲ್ಲೇ ಉಳಿಯಿತು. ಗಂಗಹನುಮಯ್ಯನನ್ನು ಭುಜದಿಂದ ತಳ್ಳಿ ಓಡಿದ.

“ನೀರ್ ಮುಟ್ಟಿಸ್ಬುಟ್ಟಾನು ಬುದ್ಧಿ! ಹಿಡೀರಿ! ನೀರ್ ಬಿದ್ರೆ ಎಲ್ಲಾ ವಾಪಸ್ ಹೊಂಟೋಯ್ತದೆ!” ಗಂಗಹನುಮಯ್ಯ ಹಿಂದಿನಿಂದ ಕಿರುಚಿದ.

ನೀರು. ಡಾರ್ಕ್‌ರೂಮ್. ಒಳನುಗ್ಗಿ ಚಿಲಕ ಹಾಕಿದ. ಕತ್ತಲೆ. ಕೆಂಪು ದೀಪ. ಪಟ ತೊಳೆಯುವ ಹೈಪೋದ ಘಾಟು. ತೊಟ್ಟಿಯ ತುಂಬ ತಣ್ಣೀರು.

ಬಾಗಿಲು ಅದುರಿತು. “ಹಬೀಬ್, ನಿನ್ನ ಪ್ಲೇಟು ನನ್ನ ಕೈಲಿದೆ. ಬಾಗಿಲು ತೆಗಿ. ನಿನ್ನ ಬಲಗಣ್ಣು ಬಿಟ್ಟುಬಿಡ್ತೀನಿ. ಮಾತು ಕೊಡ್ತೀನಿ.”

ಅವನ ಕೈ ಚಿಲಕದವರೆಗೆ ಹೋಯಿತು. ಹೌದು, ಹೋಯಿತು. ನೋಡುವುದೊಂದನ್ನು ಬಿಟ್ಟು ಅವನಿಗೆ ಬೇರೇನು ಬರುತ್ತಿತ್ತು? ಆದರೆ ಈ ಮನುಷ್ಯನ ಮಾತು ಎಂಥದೆಂದು ಈಗ ಅವನಿಗೆ ಗೊತ್ತಿತ್ತು. ಕೈ ಹಿಂದೆ ತೆಗೆದ.

ಖಾಲಾಳ ಗಾಜು ನೀರಿಗಿಳಿಸಿದ. ಹೆಬ್ಬೆರಳಿನಿಂದ ಉಜ್ಜಿದ. ಮಸಿ ಜಿಗುಟು. ಮತ್ತೆ ಉಜ್ಜಿದ. ಬಿಟ್ಟಿತು. ಹೊರಗೆ ಮಂತ್ರ ಶುರುವಾಯಿತು. ಕೆಂಪು ದೀಪ ಮಸುಕಾಯಿತು. ಇಲ್ಲ, ದೀಪ ಹಾಗೇ ಇತ್ತು. ಕಣ್ಣು ಹೋಗುತ್ತಿತ್ತು. ಗೊಂಬೆಯವನ ಗಾಜು. ಬಿಟ್ಟಿತು. ಕಲ್ಲುಕುಟಿಗನದು. ಬಿಟ್ಟಿತು. ದೀಪ ಈಗ ಬರೀ ಒಂದು ಚುಕ್ಕೆ. ಚನ್ನಯ್ಯನದು ಎಲ್ಲಿ? ತಡವಿದ. ಸಿಕ್ಕಿತು. ಎತ್ತಿದ. ಚುಕ್ಕೆ ಆರಿತು. ಒದ್ದೆ ಬೆರಳು. ಗಾಜು ಜಾರಿತು.

ಅದು ನೆಲಕ್ಕೆ ಬಿದ್ದು ಚೂರಾದದ್ದು ಕೇಳಿಸಿತು. ಕಾಣಿಸಲಿಲ್ಲ.

ವಾರದೊಳಗೆ ಮೂವರ ಕಣ್ಣು ತಿಳಿಯಾಯಿತು. ಚನ್ನಯ್ಯನದು ಆಗಲಿಲ್ಲ. ಹಬೀಬ್ ನಡೆದದ್ದೆಲ್ಲ ಹೇಳಿದ. ಜನ ಕೇಳಿ ತಲೆ ಆಡಿಸಿದರು. ಆಸಿಡ್ ಸಿಡಿದು ಪಾಪ ಹುಡುಗನ ಕಣ್ಣೂ ಹೋಯಿತು, ಬುದ್ಧಿಯೂ ಕದಡಿತು ಎಂದು ಅರಸರು ಅಷ್ಟರಲ್ಲಾಗಲೇ ಊರಿಗೆಲ್ಲ ಹೇಳಿಸಿದ್ದರು. ನಂಬಿದವಳು ಮುನಿತಾಯಮ್ಮ ಒಬ್ಬಳೇ. ರಾಮನಗರಕ್ಕೆ ಬಂದು ಗುಲ್ಜಾರ್ ಬೀಯ ಹೊಸ್ತಿಲಾಚೆಯೇ ನಿಂತು ಹೇಳಿದಳು.

“ನಿಮ್ ಕಣ್ಣು ಕಳ್ಕಂಡು ತೊಳುದ್ರಿ, ಗೊತ್ತು. ಆದ್ರೂ ನನ್ ತಮ್ಮ ನಿಮ್ ಮಾತ್ ನಂಬ್ಕಂಡು ಕೂತಿದ್ದು. ಇನ್ ನಮ್ಮಟ್ಟಿ ಕಡೆ ಬರ್ಬ್ಯಾಡಿ.”

ಅವಳು ಹೋದಮೇಲೆ ಗುಲ್ಜಾರ್ ಬೀ ಹಬೀಬನನ್ನೇ ಗದರಿದಳು. “ದೊರೆಗಳ ಮೇಲೆ ಇಂಥಾ ಮಾತು ಆಡ್ಬ್ಯಾಡ ಬೇಟಾ. ಅವ್ರು ಆಸ್ಪತ್ರೆಗೆ ಕಳಿಸ್ದೇ ಇದ್ದಿದ್ರೆ ನನ್ ಕಣ್ಣು ಬತ್ತಿತ್ತಾ?”

ಚಿತ್ರಶಾಲೆ ತೆರೆಯುವ ದಿನ ಅವಳೇ ಅವನ ಕೈಹಿಡಿದು ಕರೆದೊಯ್ದಳು. ಹೊಸ ಸುಣ್ಣ, ಮಲ್ಲಿಗೆ ಹಾರ, ಬೆವರಿದ ಜನರ ವಾಸನೆ. ಅರಸರು ಭಾಷಣದಲ್ಲಿ ಮೂರು ಸಲ ‘ನಮ್ಮ ಹಬೀಬ್’ ಎಂದರು, ದನಿ ಗದ್ಗದವಾಯಿತು. ಕೆಳಗಿಳಿದು ಬಂದು ಅವನಿಗೆ ಶಾಲು ಹೊದಿಸಿದರು. ಅಂಚು ಸರಿಮಾಡುವ ನೆಪದಲ್ಲಿ ಅವನ ಕಿವಿಯ ಹತ್ತಿರ ಬಗ್ಗಿದರು.

“ನಿನ್ನ ಖಾಲಾ ಹಸಿರು ಸೀರೆ ಉಟ್ಟು ಬಂದಿದ್ದಾಳೆ. ಎಂಥ ಹಸಿರು ಅಂತೀಯ! ನಿನ್ನ ಕಣ್ಣು ಬರೋವರೆಗೆ ನಾನು ಇಂಥ ಬಣ್ಣ ಕಂಡಿರಲಿಲ್ಲ.”

ಹಬೀಬ್ ಕೂಗಿದ. ಚಪ್ಪಾಳೆಯ ಅಬ್ಬರದಲ್ಲಿ ಅದು ಯಾರಿಗೂ ಕೇಳಲಿಲ್ಲ. ಅವನ ಪಕ್ಕದಲ್ಲೇ ನಿಂತು ಗುಲ್ಜಾರ್ ಬೀ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು.