ಗುಡ್ಡದ ಕಡೆ ಸರೀರಿ

ಅರವತ್ತನಾಲ್ಕರ ಒಂದು ಮಧ್ಯಾಹ್ನ ತೀರ್ಥಹಳ್ಳಿಯಿಂದ ಹೊಸನಗರಕ್ಕೆ ಹೊರಟ ಬಸ್ಸಿನಲ್ಲಿ ನಾನು ಡ್ರೈವರ್ ಜಟ್ಟಿಂಗಪ್ಪನ ಹಿಂದೆಯೇ ಕೂತಿದ್ದೆ. ಹಿಂದಿನ ವರ್ಷ ಅವನ ಬಸ್ಸು ಇದೇ ದಾರಿಯ ತಿರುವಿನಲ್ಲಿ ಮಗುಚಿ, ಟಾಪಿನ ಮೇಲೆ ಕೂತಿದ್ದ ಒಂಬತ್ತು ಮಂದಿ ಸತ್ತಿದ್ದರು. ಆಮೇಲೆ ಅವನು ಟಾಪಿಗೆ ಒಂದು ಬುಟ್ಟಿಯನ್ನೂ ಏರಿಸಿರಲಿಲ್ಲ.

ಆ ತಿರುವಿನಲ್ಲಿ ದನವೊಂದು ಅಡ್ಡ ಬಂತು. ಥಟ್ಟನೆ ಸ್ಟೇರಿಂಗ್ ತಿರುಗಿಸಿದ್ದಕ್ಕೆ ಬಸ್ಸು ಬಲಕ್ಕೆ, ಕಣಿವೆಯತ್ತ ವಾಲಿತು. ಎಡದ ಚಕ್ರಗಳು ನೆಲ ಬಿಟ್ಟವು. ಜಟ್ಟಿಂಗಪ್ಪ ಹಳೆಯ ರೂಢಿಯಲ್ಲಿ ಕೂಗಿದ, “ಮೇಲಿನವ್ರು ಗುಡ್ಡದ ಕಡೆ ಸರೀರಿ.”

ತಲೆಯ ಮೇಲಿನ ತಗಡಿನಲ್ಲಿ ಹಲವು ಮೈಗಳು ಎಡಕ್ಕೆ ಸರಿದ ಸದ್ದಾಯಿತು. ಬಸ್ಸು ನೆಟ್ಟಗಾಯಿತು.

“ಮೇಲೆ ಯಾರನ್ನ ಹತ್ತಿಸಿದ್ದೀಯ ಮಾರಾಯ?” ಅಂದೆ.

“ಯಾರನ್ನ ಹತ್ತಿಸ್ಲಿ ಸ್ವಾಮಿ? ಏಣೀನೇ ಬಿಚ್ಚಿ ಮನೇಲಿಟ್ಟಿದೀನಿ.”

ಹೊಸನಗರದಲ್ಲಿ ಎಲ್ಲರೂ ಇಳಿದೆವು. ಸಮತಟ್ಟಾದ ನೆಲದ ಮೇಲೆ ಖಾಲಿ ಬಸ್ಸು ಎಡಕ್ಕೆ ವಾಲಿಕೊಂಡೇ ನಿಂತಿತ್ತು.