ಪಟ್ಟಂ ಮನೆಗೆ ಬಾರದ ಅತಿಥಿ

ಮೀನ ಮಾಸದ ಬಿಸಿಲು. ಮಾರ್ಚ್ 24, ಮಂಗಳವಾರ. ಬೆಳಿಗ್ಗೆ ಹತ್ತೂವರೆಗೇ ತಿರುವನಂತಪುರದ ಆ ಠಾಣೆಯ ಮೆಟ್ಟಿಲು ಕಾಲಿಡಲಾಗದಷ್ಟು ಕಾದಿತ್ತು. ಒಳಗೆ ಎಎಸ್‌ಐ ಕಮಲಾಕ್ಷ ಫ್ಯಾನಿನ ಕೆಳಗೆ ಕೂತು ಸಮನ್ಸುಗಳನ್ನು ವಿಂಗಡಿಸುತ್ತಿದ್ದ. ಮಂಜೇಶ್ವರದವನು. ಹತ್ತನೇ ತರಗತಿಗೆ ಓದು ಮುಗಿಸಿ ಪೊಲೀಸಿಗೆ ಸೇರಿದವನು, ಇನ್ನೊಂದು ವರ್ಷಕ್ಕೆ ನಿವೃತ್ತಿ. ಓದಿದ್ದು ಕಡಿಮೆಯಾದರೂ ಒಮ್ಮೆ ಕಂಡದ್ದನ್ನು ಮರೆಯುವ ಗುಣ ಅವನಿಗಿರಲಿಲ್ಲ.

ಮೆಟ್ಟಿಲು ಹತ್ತಿ ಬಂದವರು ಐವತ್ತೊಂಬತ್ತರ ಒಬ್ಬ ಗೃಹಸ್ಥರು. ಇಸ್ತ್ರಿ ಅಂಗಿ, ಕಂಕುಳಲ್ಲಿ ಫೈಲು. ಮಲಯಾಳದಲ್ಲಿ ಎರಡು ಮಾತು ಆಡಿ ತಡವರಿಸಿದರು. ಹೆಸರು ವೀರಭದ್ರ, ಊರು ಧಾರವಾಡ ಎಂದು ಕೇಳಿದ್ದೇ ಕಮಲಾಕ್ಷ ಕನ್ನಡಕ್ಕೆ ಹೊರಳಿದ.

“ಕೂತ್ಕೊಳ್ಳಿ ಮಾರಾಯ್ರೆ. ಎಂತ ಆಯ್ತು?”

“ನಮ್ಮ ಮನ್ಯಾಗ ಪರದೇಶದ ಹೆಣ್ಮಗಳು ಒಬ್ಬಾಕಿ ಅದಾಳಂತ್ರಿ. ನಾ ಆಕಿ ಮುಖಾನ ನೋಡಿಲ್ಲ.”

ಫೈಲಿನಿಂದ ಒಂದು ನೋಟಿಸು ಹೊರಗೆ ಬಂತು. ವಿದೇಶಿಯರ ನೋಂದಣಿ ಕಚೇರಿಯದು. ಪಟ್ಟಂ ಬಡಾವಣೆಯ ತಮ್ಮ ಫ್ಲಾಟಿನಲ್ಲಿ ಫೆಬ್ರವರಿ 9ರಿಂದ ವಾಸವಿರುವ ಮಾಲ್ಡೀವ್ಸ್ ಪ್ರಜೆ ಆಮಿನಾತ್ ನಹುಲಾ, ವಯಸ್ಸು 52, ಇವರನ್ನು ಪರಿಶೀಲನೆಗೆ ಹಾಜರುಪಡಿಸತಕ್ಕದ್ದು. ಪರದೇಶದವರು ಬಂದು ಉಳಿದರೆ ಮನೆ ಯಜಮಾನ ಇಪ್ಪತ್ನಾಲ್ಕು ಗಂಟೆಯೊಳಗೆ ಸಿ ಫಾರಂ ತುಂಬಿ ತಿಳಿಸಬೇಕು, ಅದು ನಿಯಮ. ವೀರಭದ್ರರ ಹೆಸರಿನಲ್ಲಿ ಯಾರೋ ಅದನ್ನು ತುಂಬಿದ್ದರು.

“ನಾನು ಬಾಹ್ಯಾಕಾಶ ಇಲಾಖೆಯವ. ಪರದೇಶದವರು ಬಂದು ಬರೇ ಚಾ ಕುಡದು ಹೋದ್ರೂ ಆಫೀಸಿಗೆ ಬರದು ಕೊಡಬೇಕು. ನನ್ನ ಸರ್ವಿಸ್ ಉಳಿದಿದ್ದು ಐದು ತಿಂಗಳರಿ. ಎಫ್‌ಐಆರ್ ಆಗದ ನಾ ಇಲ್ಲಿಂದ ಏಳೂದಿಲ್ಲ.”

“ಮನೆಯಲ್ಲಿ ಯಾರೆಲ್ಲ ಉಂಟು?”

“ನಾನು, ನಮ್ಮಾಕಿ ರಾಜಲಕ್ಷ್ಮಿ, ಮಗಳು ಮಹತಿ. ಮಗ ಶ್ರೇಯಸ್ ಪುಣೇದಾಗ. ಮಗಳು ಆಸ್ಪತ್ರ್ಯಾಗ ಕೆಲಸ. ಶನಿವಾರ ಕೊಚ್ಚಿಗೆ ಟ್ರೇನಿಂಗಿಗೆ ಅಂತ ಹೋಗ್ಯಾಳ.”

ಇನ್‌ಸ್ಪೆಕ್ಟರ್ ಸುಮಿತ್ರ ನೋಟಿಸನ್ನು ಎರಡು ಸಲ ಓದಿದರು. 11.40ಕ್ಕೆ ಎಫ್‌ಐಆರ್ ದಾಖಲಾಯಿತು. ಸುಳ್ಳು ದಾಖಲೆ ಸೃಷ್ಟಿ, ವಿದೇಶಿಯರ ಕಾಯ್ದೆಯ ಉಲ್ಲಂಘನೆ. ಆರೋಪಿಯ ಅಂಕಣದಲ್ಲಿ ‘ಅಪರಿಚಿತ’. ವೀರಭದ್ರ ಪ್ರತಿಯೊಂದು ಪುಟಕ್ಕೂ ಸಹಿ ಹಾಕಿ, ಒಂದು ಪ್ರತಿಯನ್ನು ಮಡಚದೆ ಫೈಲಿಗೆ ಸೇರಿಸಿಕೊಂಡರು.

ಅವರು ಹೊರಗೆ ಹೋದ ಮೇಲೆ ಸುಮಿತ್ರ ಮಲಯಾಳದಲ್ಲಿ ಹೇಳಿದರು, “ಕಮಲಾಕ್ಷಣ್ಣಾ, ಕಾಗದ ಯಾರು ಬರೆದರೆಂದು ಆಮೇಲೆ ನೋಡೋಣ. ಕಾಗದದಲ್ಲಿರುವ ಹೆಂಗಸು ಎಲ್ಲಿ?”

ಅವಳದು ಚಿಕಿತ್ಸೆಯ ವೀಸಾ. ಅದರಲ್ಲಿದ್ದ ಆಸ್ಪತ್ರೆಗೆ ಫೋನು ಮಾಡಿದಾಗ ಡಯಾಲಿಸಿಸ್ ವಿಭಾಗದ ಸಿಸ್ಟರ್ ವಸಂತಿ ಸಿಕ್ಕಿದಳು.

“ಆಮಿನಾತ್ತಾ? ಮಂಗಳ, ಗುರು, ಶನಿ ಅವರ ಸರದಿ. ಗುರುವಾರ ಬಂದದ್ದೇ ಕೊನೆ. ಶನಿವಾರವೂ ಇಲ್ಲ, ಇವತ್ತೂ ಇಲ್ಲ. ಸಾರೇ, ಅವರ ಎರಡೂ ಮೂತ್ರಪಿಂಡ ಸತ್ತುಹೋಗಿವೆ. ಐದು ದಿನದ ನೀರು ಮೈಯಲ್ಲೇ ನಿಂತಿದೆ. ಇನ್ನು ಅದು ಉಸಿರು ಕಟ್ಟಿಸುತ್ತದೆ. ನಾಳೆ ಬೆಳಿಗ್ಗೆವರೆಗೆ ತಡೆಯುತ್ತಾರೆಂದು ನಾನು ಹೇಳಲಾರೆ.”

“ಅವರ ವಿಷಯ ನೋಡಿಕೊಳ್ಳುವವರು ಯಾರು?”

“ಹೊರದೇಶದ ರೋಗಿಗಳ ಮೇಜಿನ ಮಹತಿ. ಅವಳೂ ಶನಿವಾರದಿಂದ ರಜೆ.”

ಕೊಚ್ಚಿಯ ಟ್ರೇನಿಂಗಿನ ಬಗ್ಗೆ ಕೇಳಿದಾಗ ಸಿಸ್ಟರ್ ನಕ್ಕಳು. “ಟ್ರೇನಿಂಗಾ? ನಮಗೆ ಊಟಕ್ಕೇ ಬಿಡುವಿಲ್ಲ.”

ಕಮಲಾಕ್ಷ ಫೋನು ಇಟ್ಟು, ವೀರಭದ್ರರು ಹೇಳಿದ ಮಗಳ ಹೆಸರನ್ನು ಮತ್ತೆ ನೆನೆದ. ಮಹತಿ ಎಂಬ ಹೆಸರು ಈ ಊರಲ್ಲಿ ಬೀದಿಗೊಂದು ಸಿಗುವುದಲ್ಲ.

12.30ಕ್ಕೆ ಪಟ್ಟಂ ಫ್ಲಾಟಿನಲ್ಲಿ ಪಂಚನಾಮೆ. ನೆರೆಮನೆಯ ಇಬ್ಬರು ಪಂಚರು. ಸಿ ಫಾರಂ ಜೊತೆ ಕಳಿಸಿದ್ದ ಮನೆ ತೆರಿಗೆ ರಸೀದಿಯ ಮೂಲ ಪ್ರತಿ ಅಡುಗೆಮನೆಯ ಕಪಾಟಿನ ಟ್ರಂಕಿನಲ್ಲೇ ಇತ್ತು. ಮೂಲೆಯಲ್ಲಿ ಎಣ್ಣೆಯ ಕಲೆ, ಕಳಿಸಿದ ಪ್ರತಿಯಲ್ಲೂ ಅದೇ ಕಲೆ. ಟ್ರಂಕಿನ ಬೀಗದ ಕೈ ಇಡುವ ಜಾಗ ಮನೆಯವರಿಗೆ ಮಾತ್ರ ಗೊತ್ತಿತ್ತು. ಕಂಪ್ಯೂಟರಿನ ಕೆಲಸ ಗೊತ್ತಿದ್ದ ಕಾನ್‌ಸ್ಟೇಬಲ್ ಸಂದೀಪ್, ಫಾರಂ ತುಂಬಿದ್ದು ಇದೇ ಮನೆಯ ಇಂಟರ್ನೆಟ್ಟಿನಿಂದ ಎಂದು ನೋಂದಣಿ ಕಚೇರಿಯಿಂದ ಖಚಿತ ಮಾಡಿಕೊಂಡ.

ವೀರಭದ್ರ ಪಡಸಾಲೆಯಲ್ಲಿ ಪಂಚರಿಗೆ ನಿಯಮ ವಿವರಿಸುತ್ತಿದ್ದರು. ಕಮಲಾಕ್ಷ ಅಡುಗೆಮನೆಯ ಬಾಗಿಲಲ್ಲಿ ನಿಂತ.

“ಅಮ್ಮಾ, ಮಗಳಿಗೆ ಒಂದು ಫೋನು ಮಾಡಿ.”

“ಬಂದ್ ಬರ್ತದರಿ.” ರಾಜಲಕ್ಷ್ಮಿ ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುತ್ತಿದ್ದರು.

“ಎಂದಿನಿಂದ?”

“ನಿನ್ನಿಯಿಂದ.” ಗಂಡ ಇದ್ದ ಪಡಸಾಲೆಯ ಕಡೆ ನೋಡಿ, ದನಿ ತಗ್ಗಿಸಿ, “ಅವರಿಗೆ ಈಗ ಹೇಳಬ್ಯಾಡ್ರಿ.”

ಆಸ್ಪತ್ರೆಯ ಗಾಡಿಯ ಪುಸ್ತಕದಲ್ಲಿ ಆಮಿನಾತ್‌ಳನ್ನು ಹತ್ತಿಸಿಕೊಳ್ಳುತ್ತಿದ್ದ ಜಾಗ ಪಟ್ಟಂ ಅಲ್ಲ, ಚಾಲೈ ಮಾರುಕಟ್ಟೆ. 1.30ಕ್ಕೆ ಜೀಪು ಆ ಓಣಿಯಲ್ಲಿ ಲಾರಿಗಳ ನಡುವೆ ಸಿಕ್ಕಿಕೊಂಡಿತು. ಸುಮಿತ್ರ, ಕಮಲಾಕ್ಷ ಇಳಿದು ನಡೆದರು. ಒಣಶುಂಠಿ, ಕರಿಮೆಣಸಿನ ಸಗಟು ಅಂಗಡಿ. ಮೇಲೆ ಒಂದು ಕೋಣೆ. ಮಾಲೀಕ ಮನೋಜ್ ಪೊಲೀಸರನ್ನು ಕಂಡು ತಕ್ಕಡಿ ಬಿಟ್ಟು ಎದ್ದ.

“ಬಾಡಿಗೆಗೆ ಕೊಟ್ಟೆ, ಸಾರೇ. ಪೊಲೀಸ್ ಕಾಗದ ಮಾತ್ರ ನನ್ನಿಂದಾಗದು ಎಂದೆ. ಮೇಲಿನ ಕೋಣೆಗೆ ಪರವಾನಗಿ ಇಲ್ಲ. ಆ ಹುಡುಗಿ, ‘ಅಣ್ಣಾ, ಕಾಗದ ನಾನು ನೋಡಿಕೊಳ್ಳುತ್ತೇನೆ’ ಎಂದಳು.”

“ಎಷ್ಟು ಮನೆ ತಿರುಗಿ ನಿನ್ನಲ್ಲಿಗೆ ಬಂದಳು?”

“ನಾನು ಹನ್ನೊಂದನೆಯವನಂತೆ. ಎಲ್ಲರಿಗೂ ಬಾಡಿಗೆ ಬೇಕು, ಫಾರಂ ಬೇಡ.”

“ಹೋದದ್ದು ಯಾವಾಗ?”

“ಶನಿವಾರ ಬೆಳಿಗ್ಗೆ. ಪರಿಶೀಲನೆ ಬರುತ್ತದೆ ಎಂದು ಓಡಿಬಂದಳು. ಜೊತೆಗೆ ಕಾರು ಓಡಿಸುವ ಇನ್ನೊಬ್ಬಳು, ನಿಖಿತಾ ಎಂದು ಕರೆಯುತ್ತಿದ್ದಳು. ಗಾಜಿಗೆ ಕೊಚ್ಚಿ ಬಂದರಿನ ಪಾಸು ಅಂಟಿಸಿತ್ತು. ನನ್ನ ಮಾಲು ಅಲ್ಲಿಗೇ ಹೋಗುವುದಲ್ಲವೇ, ಆ ಪಾಸು ನನಗೆ ಗೊತ್ತು.”

ಮೇಲಿನ ಕೋಣೆಯಲ್ಲಿ ಚಾಪೆ, ತೂಕದ ಯಂತ್ರ, ಪೆನ್ನಿನಿಂದ ಗೆರೆ ಎಳೆದ ಒಂದು ಬಾಟಲಿ. ದಿನಕ್ಕೆ ಕುಡಿಯಬಹುದಾದ ನೀರಿನ ಗುರುತು ಅದು. ಅರ್ಧ ಲೀಟರಿಗಿಂತ ಮೇಲೆ ಗೆರೆ ಇರಲಿಲ್ಲ. ಕಮಲಾಕ್ಷ ಅದನ್ನೂ ಪಂಚನಾಮೆಯಲ್ಲಿ ಬರೆಸಿದ. ಬೀದಿಯ ಧಗೆಯಲ್ಲಿ ಅವನೇ ಆ ಹೊತ್ತಿಗೆ ಎರಡು ಲೀಟರು ಕುಡಿದಿದ್ದ.

2.20ಕ್ಕೆ ಜೀಪು ಕೊಚ್ಚಿಯ ದಾರಿ ಹಿಡಿಯಿತು. ಸಂದೀಪ್ ಸ್ಟಿಯರಿಂಗಿನಲ್ಲಿ, ಪಕ್ಕದಲ್ಲಿ ಸುಮಿತ್ರ, ಹಿಂದೆ ಮಹಿಳಾ ಪೊಲೀಸ್ ಕೃಪಾ ಮತ್ತು ಕಮಲಾಕ್ಷ. ನಿಖಿತಾ ಯಾರು, ಎಲ್ಲಿ ಇದ್ದಾಳೆ ಎಂಬುದು ಮಾತ್ರ ತಿಳಿಯದು. ಕಮಲಾಕ್ಷ ರಾಜಲಕ್ಷ್ಮಿಗೆ ಮೂರು ಸಲ ಫೋನು ಮಾಡಿದ, ಎತ್ತಲಿಲ್ಲ.

ದಾರಿಯುದ್ದಕ್ಕೂ ಅವನಿಗೆ ಮಂಜೇಶ್ವರದ ಒಬ್ಬ ಮುದುಕರ ನೆನಪು. ಹರೆಯದಲ್ಲಿ ಹೋಟೆಲ್ ಕೆಲಸಕ್ಕೆ ಕರಾಚಿಗೆ ಹೋಗಿ, ಆ ಕಡೆಯ ಪಾಸ್‌ಪೋರ್ಟಿನಲ್ಲಿ ಮರಳಿದವರು. ಹುಟ್ಟಿದ ಮನೆಯಲ್ಲೇ ಪರದೇಶದವರೆಂದು ಬರೆಸಿಕೊಂಡು ಕೂತಿದ್ದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಮಲಾಕ್ಷ ತಿಂಗಳಿಗೊಮ್ಮೆ ಸೈಕಲ್ ತುಳಿದು, ಅವರು ಅಲ್ಲೇ ಇದ್ದಾರೆಂದು ಬರೆದುಕೊಂಡು ಬರಬೇಕಿತ್ತು. “ಎಲ್ಲಿಗೆ ಹೋಗಲಿ ಮಗಾ?” ಎಂದು ಅವರು ಮಜ್ಜಿಗೆ ಕೊಡುತ್ತಿದ್ದರು. ಒಂದು ತಿಂಗಳು ಹೋದಾಗ ಅವರು ಇರಲಿಲ್ಲ. ಅದನ್ನೂ ಬರೆದುಕೊಂಡು ಬಂದಿದ್ದ.

5.10ಕ್ಕೆ, ಆಲಪ್ಪುಳ ಹತ್ತಿರ, ನಾಲ್ಕನೇ ಸಲ ರಾಜಲಕ್ಷ್ಮಿ ಫೋನು ಎತ್ತಿದರು.

“ನಿಖಿತಾ ಯಾರಮ್ಮ?”

ಹಿನ್ನೆಲೆಯಲ್ಲಿ ಟಿವಿಯ ಸದ್ದು.

“ನಾ ಹೇಳಿದ್ರ ನನ್ನ ಮಗಳು ಜೇಲಿಗೆ ಹೋಗ್ತಾಳ ಅಲ್ರಿ?”

“ಹೋಗಬಹುದು. ಸುಳ್ಳು ಹೇಳುವುದಿಲ್ಲ.”

“ಹೇಳಲಿಲ್ಲ ಅಂದ್ರ?”

“ಆ ಹೆಂಗಸಿನ ಜೀವ ಹೋಗ್ತದೆ ಅಮ್ಮಾ. ಆಮೇಲೆ ನಿಮ್ಮ ಮಗಳ ಮೇಲೆ ಬೀಳುವ ಕೇಸೇ ಬೇರೆ.”

ಟಿವಿಯ ಸದ್ದು ನಿಂತಿತು. “ಕಾಲೇಜಿನ ಗೆಳತಿರಿ. ಆಕಿ ಅಪ್ಪ ಬಂದರಿನ್ಯಾಗ ಅದಾರ. ವಿಲ್ಲಿಂಗ್ಡನ್ ಐಲ್ಯಾಂಡಿನ ಕ್ವಾರ್ಟರ್ಸು. ನಂಬರ್ ಬರಕೋರಿ.” ಹೇಳಿ ಮುಗಿಸಿ ಅವರೇ ಫೋನು ಇಟ್ಟರು.

ಸುಮಿತ್ರ ಕೊಚ್ಚಿಯ ಠಾಣೆಗೆ ತಿಳಿಸಿದರು. ಇಪ್ಪತ್ತು ನಿಮಿಷಕ್ಕೆ ಮರುಫೋನು: ಕ್ವಾರ್ಟರ್ಸಿಗೆ ಬೀಗ. ಸರ್ಕಾರಿ ಮನೆಯಲ್ಲಿ ಪರದೇಶದವರನ್ನು ಇಟ್ಟುಕೊಳ್ಳಲಾಗದು ಎಂದು ನಿಖಿತಾಳ ಅಪ್ಪ ಮಧ್ಯಾಹ್ನವೇ ಹೊರಡಿಸಿದ್ದಾರೆ. ಮೂವರೂ ಕಾರಿನಲ್ಲಿ ಹೋಗಿದ್ದಾರೆ, ಎಲ್ಲಿಗೋ ಗೊತ್ತಿಲ್ಲ.

ಕಮಲಾಕ್ಷ ಮುಂದಿನ ಸೀಟಿನತ್ತ ಬಾಗಿ ಹೇಳಿದ, “ಮೇಡಂ, ರೋಗಿಯನ್ನು ಇಟ್ಟುಕೊಂಡವಳು ಊರು ಬಿಟ್ಟು ಓಡುವುದಿಲ್ಲ. ಆಸ್ಪತ್ರೆಗಳ ಬಾಗಿಲು ಬಡಿಯುತ್ತಾಳೆ.”

ಸಂದೀಪ್ ಜೀಪು ಬದಿಗೆ ನಿಲ್ಲಿಸಿದ. ಮೂರು ಫೋನುಗಳಿಂದ ಡಯಾಲಿಸಿಸ್ ಇರುವ ಆಸ್ಪತ್ರೆಗಳಿಗೆ ಒಂದೊಂದಾಗಿ ಕರೆ. ಆರನೆಯದರಲ್ಲಿ ಕೌಂಟರಿನವರು ಹೇಳಿದರು: ನಾಲ್ಕು ಗಂಟೆಗೆ ಒಬ್ಬಳು ಬಂದಿದ್ದಳು. ಪಾಸ್‌ಪೋರ್ಟ್ ಇತ್ತು. ಕೊಚ್ಚಿಯ ವಿಳಾಸದ ಸಿ ಫಾರಂ ಕೇಳಿದೆವು, ಇರಲಿಲ್ಲ. ಈಗ ತರುತ್ತೇನೆ ಎಂದು ಹೋದಳು.

“ಯಾವ ಕಡೆ ಹೋದಳು?”

ವಾಚ್‌ಮನ್‌ನನ್ನು ಕೇಳಿ ಬಂದು ಹೇಳಿದರು. “ಹೋಗಿಲ್ಲವಂತೆ. ಕಾರು ಗೇಟಿನ ಹೊರಗೇ ನಿಂತಿದೆ.”

“ಈಗಲೇ ಒಳಗೆ ಕರೆದುಕೊಳ್ಳಿ. ಜವಾಬ್ದಾರಿ ನನ್ನದು,” ಎಂದು ಸುಮಿತ್ರ ಕೂಗಿದರು.

6.35ಕ್ಕೆ ಅವರು ತಲುಪಿದಾಗ ಆಮಿನಾತ್ ಸ್ಟ್ರೆಚರಿನಲ್ಲಿದ್ದಳು. ಮುಖ ಊದಿ ಕಣ್ಣು ಗೆರೆಯಾಗಿತ್ತು, ಉಸಿರು ಗೊರಗೊರ ಎನ್ನುತ್ತಿತ್ತು. ಆಮ್ಲಜನಕ ಹಾಕಿದ್ದರು. ಯಂತ್ರಕ್ಕೆ ಹಾಕುವ ಮುನ್ನ ಕೌಂಟರಿನ ಹುಡುಗಿ ಫಾರಂ ಹಿಡಿದು ನಿಂತಿದ್ದಳು. “ಎಲ್ಲ ತುಂಬಿದೆ ಮೇಡಂ. ಭಾರತದಲ್ಲಿನ ವಿಳಾಸ ಖಾಲಿ ಬಿಟ್ಟರೆ ಕಂಪ್ಯೂಟರು ಮುಂದೆ ಹೋಗುವುದಿಲ್ಲ.”

ಸುಮಿತ್ರ ಪೆನ್ನು ತೆಗೆದು ತಮ್ಮ ಠಾಣೆಯ ವಿಳಾಸ ಬರೆದರು. ಕೆಳಗೆ ಸಹಿ, ಮೊಹರು. “ಇನ್ನು ಹೋಗುತ್ತದಾ ನೋಡು ಮಗಳೇ.”

ಹೋಯಿತು.

ಕಾರಿಡಾರಿನ ಬೆಂಚಿನಲ್ಲಿ ಮಹತಿ ಕೂತಿದ್ದಳು. ಇಪ್ಪತ್ತಾರರ ಹುಡುಗಿ, ಆಸ್ಪತ್ರೆಯ ಗುರುತಿನ ಚೀಟಿ ಇನ್ನೂ ಕೊರಳಲ್ಲಿ. ನಿಖಿತಾ ಗೋಡೆಗೆ ಒರಗಿ ಅಳುತ್ತಿದ್ದಳು. ಕಮಲಾಕ್ಷ ಕನ್ನಡದಲ್ಲಿ ಕೇಳಿದ, ಮಹತಿ ಮಲಯಾಳದಲ್ಲಿ ಉತ್ತರಿಸಿದಳು.

“ಒಂದೂಮುಕ್ಕಾಲು ಗಂಟೆ ಗೇಟಿನ ಹೊರಗೆ ಯಾಕೆ ಕೂತೆ?”

“ಒಳಗೆ ಹೋದರೆ ಸುಳ್ಳು ಗೊತ್ತಾಗುತ್ತದೆ, ವೀಸಾ ಹೋಗುತ್ತದೆ, ಆಂಟಿಯನ್ನು ವಾಪಸು ಕಳಿಸುತ್ತಾರೆ. ಅವರ ದ್ವೀಪದಲ್ಲಿ ಯಂತ್ರವೇ ಇಲ್ಲ. ಪಕ್ಕದ ದ್ವೀಪದಲ್ಲಿ ಸರದಿ ಬರಲು ಇನ್ನೂ ಎರಡು ತಿಂಗಳಿದೆ. ಒಳಗೆ ಹೋಗದಿದ್ದರೆ...” ಅವಳು ಸ್ಟ್ರೆಚರು ಹೋದ ಬಾಗಿಲನ್ನು ನೋಡಿದಳು.

“ಆಂಟಿಗೆ ಗೊತ್ತಿತ್ತಾ?”

“ಇಲ್ಲ. ಫಾರಂನಲ್ಲಿರುವುದು ನಮ್ಮ ಮನೆಯ ವಿಳಾಸ ಎನ್ನುವುದೂ ಅವರಿಗೆ ಗೊತ್ತಿಲ್ಲ.”

ಹೆಂಗಸರನ್ನು ಸೂರ್ಯ ಮುಳುಗಿದ ಮೇಲೆ ಬಂಧಿಸುವಂತಿಲ್ಲ. ಮಹತಿ ಕೃಪಾಳ ಪಕ್ಕದಲ್ಲಿ ಅದೇ ಬೆಂಚಿನಲ್ಲಿ ಉಳಿದಳು. ಬುಧವಾರ, ಮಾರ್ಚ್ 25, ಬೆಳಿಗ್ಗೆ 6.50ಕ್ಕೆ ಡಾಕ್ಟರು ಹೊರಗೆ ಬಂದು ರೋಗಿ ಎದ್ದು ಕೂತಿದ್ದಾರೆ ಎಂದರು. 6.55ಕ್ಕೆ ಸುಮಿತ್ರ ಬಂಧನದ ಮೆಮೊ ಬರೆದರು. ಸಂಬಂಧಿಕರಿಗೆ ತಿಳಿಸಬೇಕಾದ ಜಾಗದಲ್ಲಿ ಮಹತಿ ಅಪ್ಪನ ಹೆಸರನ್ನೇ ಕೊಟ್ಟಳು.

ಫೋನು ಮಾಡುವ ಕೆಲಸ ಕಮಲಾಕ್ಷನ ಪಾಲಿಗೆ ಬಂತು. ವೀರಭದ್ರ ಪೂರ್ತಿ ಕೇಳಿದರು.

“ನಾ ಕೊಟ್ಟ ದೂರು. ವಾಪಸು ತಗೊಳ್ಳಾಕ ಬರ್ತದೇನ್ರಿ?”

“ಇಲ್ಲ. ಇದು ಸರ್ಕಾರದ ಕೇಸು ಆಗಿಹೋಯ್ತು.”

“ನಂಗೊತ್ತಿತ್ತು. ಆದ್ರೂ ಕೇಳಿದೆ.” ಆಮೇಲೆ, “ಆ ಹೆಣ್ಮಗಳು ಹೆಂಗದಾಳ್ರಿ?”

“ಎದ್ದು ಕೂತಿದ್ದಾರೆ. ಗಂಜಿ ಕುಡಿದ್ರಂತೆ.”

“ಹಾಂ,” ಎಂದು ಫೋನು ಇಟ್ಟರು.

ಮಹತಿಯ ಹೇಳಿಕೆಯನ್ನು ಠಾಣೆಯಲ್ಲಿ ಬರೆದುಕೊಂಡದ್ದು ಕಮಲಾಕ್ಷನೇ. ಹೋದ ಅಕ್ಟೋಬರಿನಲ್ಲಿ ಮಾಲ್ಡೀವ್ಸಿನ ಅಡ್ಡೂ ದ್ವೀಪದ ಒಬ್ಬ ಶಾಲಾ ಮಾಸ್ತರರು ಇದೇ ಡಯಾಲಿಸಿಸ್ಸಿಗೆ ಬಂದಿದ್ದರು. ಮನೆ ಮಾಲೀಕ ಫಾರಂ ತುಂಬಲು ಒಪ್ಪದೆ, ವಿಳಾಸವಿಲ್ಲದೆ, ಅವರು ಮರಳಬೇಕಾಯಿತು. ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿ ತಳ್ಳಿದವಳು ಮಹತಿ. ಹನ್ನೊಂದನೆಯ ದಿನ ಅವರು ತೀರಿಕೊಂಡ ಸುದ್ದಿ ಬಂತು. ಆ ರಾತ್ರಿ ಊಟದ ಹೊತ್ತಿಗೆ, ಇನ್ನೊಬ್ಬರು ಬಂದರೆ ಅಣ್ಣನ ಖಾಲಿ ಕೋಣೆ ಕೊಡೋಣವೇ ಎಂದು ಅಪ್ಪನನ್ನು ಕೇಳಿದ್ದಳು. ಆಫೀಸಿನ ನಿಯಮ ಹೇಳಿ ಅವರು ಬೇಡ ಎಂದಿದ್ದರು. ಹಾಗೆ ಕೇಳಿದ್ದೇ ಅವರಿಗೆ ಈಗ ನೆನಪಿರಲಿಲ್ಲ.

ಅಷ್ಟನ್ನೂ ಮಲಯಾಳದಲ್ಲಿ ಹೇಳಿದವಳು ಕೊನೆಯ ಮಾತನ್ನು ಮಾತ್ರ ಮನೆಯ ಕನ್ನಡದಲ್ಲಿ, ತೊದಲುತ್ತ ಹೇಳಿದಳು. “ಮನ್ಯಾಗ ಇಟ್ಕೊಳ್ಳಾಕ ಆಗಲಿಲ್ಲ ಅಂಕಲ್. ಕಾಗದದಾಗ ಆದ್ರೂ ಇರಲಿ ಅಂತ...”

ಕಮಲಾಕ್ಷ ಅದನ್ನು ಹೇಗಿತ್ತೋ ಹಾಗೆಯೇ ಬರೆದ.

ಶನಿವಾರ ಮಹತಿಗೆ ಜಾಮೀನು ಸಿಕ್ಕಿತು. ಆಸ್ಪತ್ರೆಯ ಕೆಲಸ ಹೋಯಿತು. ವೀರಭದ್ರ ತಮ್ಮ ಆಫೀಸಿಗೆ ನಡೆದದ್ದನ್ನು ಒಂದಕ್ಷರ ಬಿಡದೆ ಬರೆದುಕೊಟ್ಟು, ವಿಚಾರಣೆಗೆ ಕಾಯುತ್ತ ಕೂತರು. ನೋಂದಣಿ ಕಚೇರಿ ಆಮಿನಾತ್‌ಳದು ತಪ್ಪಿಲ್ಲವೆಂದು ಕಂಡು, ನಿಜವಾದ ವಿಳಾಸ ಕೊಟ್ಟರೆ ಇರಬಹುದು ಎಂದಿತು. ಅಷ್ಟರಲ್ಲಿ ಮನೋಜ್‌ನ ಮೇಲೂ ತಿಳಿಸದ ತಪ್ಪಿಗೆ ಕೇಸು ಬಿದ್ದಿತ್ತು. ಅವನು ಠಾಣೆಗೆ ಬಂದು, “ನೀರಿಗಿಳಿದು ನೆನೆದ ಮೇಲೆ ಮಿಂದೇ ಹತ್ತಬೇಕು ಸಾರೇ, ಆ ಹಾಳು ಫಾರಂ ಎಲ್ಲಿ?” ಎಂದು ಸಂದೀಪ್‌ನ ಪಕ್ಕದಲ್ಲಿ ಕೂತು ತುಂಬಿಸಿದ. ಕೋಣೆಯ ಪರವಾನಗಿಗೂ ಅರ್ಜಿ ಹಾಕಿದ.

ಏಪ್ರಿಲ್ ಎರಡನೇ ವಾರದಿಂದ ಆಮಿನಾತ್ ಒಂಬತ್ತು ವಾರ ಮನೋಜ್‌ನ ಕೋಣೆಯಲ್ಲೇ ಇದ್ದಳು. ಅವಳ ಊರಿನ ಪಕ್ಕದ ದ್ವೀಪದಲ್ಲಿ ಯಂತ್ರದ ಸರದಿ ಸಿಕ್ಕಿತು. ಜೂನ್ 12, ಶುಕ್ರವಾರ, ಮಧ್ಯಾಹ್ನದ ವಿಮಾನಕ್ಕೆ ಅವಳು ತಿರುವನಂತಪುರ ಬಿಟ್ಟಳು. ಗಾಲಿಕುರ್ಚಿ ತಳ್ಳಿದವರು ವೀರಭದ್ರ.