ಗೂಡ್ಸ್ ಆದ ಮೇಲ್ ಗಾಡಿ

“ಸ್ಟಾಪ್! ಸ್ಟಾಪ್!” ಮ್ಯೂಸಿಕ್ ಸರ್ ಎರಡು ಸಲ ಚಪ್ಪಾಳೆ ತಟ್ಟಿದರು.

ಡ್ರಮ್ ನಿಂತಿತು. ಗಿಟಾರ್ ನಿಂತಿತು. ಭವಾನಿಯ ಕೀಬೋರ್ಡ್ ಮಾತ್ರ ಇನ್ನೂ ಎರಡು ಸ್ವರ ನುಡಿಸಿ ಆಮೇಲೆ ನಿಂತಿತು. ಉಳಿದವರಿಗಿಂತ ಅದು ಅಷ್ಟು ಹಿಂದೆ ಬಿದ್ದಿತ್ತು.

“ಭವಾನಿ, ಯಾರುಕ್ಕಾಗ ವೆಯ್ಟ್ ಪಣ್ಣರೆ?” ಎಂದರು ಸರ್ ತಮಿಳಿನಲ್ಲಿ. ಯಾರಿಗೋಸ್ಕರ ಕಾಯ್ತಾ ಇದೀಯಾ ಅಂತ. ಬೈದಿದ್ದಲ್ಲ, ನಗುತ್ತಲೇ ಕೇಳಿದ್ದು. ಆದರೆ ರೂಮಿನಲ್ಲಿದ್ದ ಹನ್ನೊಂದು ಮಕ್ಕಳೂ ಗೊಳ್ಳೆಂದು ನಕ್ಕರು. ಭವಾನಿಯ ಕಿವಿ ಬಿಸಿಯಾಯಿತು.

ಬೆಲ್ ಆದ ಮೇಲೆ ಸರ್ ಅವಳನ್ನು ಕರೆದು ಒಂದು ಫಾರಂ ಕೊಟ್ಟರು. ಬೆರಳು ಚೆನ್ನಾಗಿ ಓಡುತ್ತೆ, ಸ್ಪೀಡ್ ಆಮೇಲೆ ಬರುತ್ತೆ, ಸ್ಕೂಲ್ ಬ್ಯಾಂಡಿಗೆ ಸೇರು ಅಂದರು. ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಪ್ರಾಕ್ಟೀಸ್. ಒಂದು ವಾರವೂ ತಪ್ಪಿಸುವ ಹಾಗಿಲ್ಲ. ಜನವರಿಯಲ್ಲಿ ಕೊಯಮತ್ತೂರಿನಲ್ಲಿ ಕಾಂಪಿಟಿಷನ್, ಎಲ್ಲರೂ ಟ್ರೇನಿನಲ್ಲಿ ಹೋಗುವುದು. ಫಾರಂ ಸೋಮವಾರ ಕೊಡಬೇಕು.

“ಸಂಡೇ ನಿಂದು ಆ ತಾತಾ ಬ್ಯಾಂಡ್ ಇದೆ ಅಲ್ವಾ?” ಎಂದಳು ನೇಹಾ. ಅವಳು ಡ್ರಮ್ ಬಾರಿಸುವವಳು, ಭವಾನಿಯ ಬೆಂಚ್‌ಮೇಟ್. “ಬಿಟ್ಬಿಡು ಡೀ. ಅವರ ಜೊತೆ ಬಾರಿಸಿ ಬಾರಿಸಿ ನೀನೂ ಪಾಟಿ ಥರ ಬಾರಿಸ್ತೀಯ.”

ಪಾಟಿ ಅಂದರೆ ಅಜ್ಜಿ. ಭವಾನಿಗೆ ಸಿಟ್ಟು ಬಂತು. ಆದರೆ ನೇಹಾ ಹೇಳಿದ್ದು ನಿಜ ಅಂತಲೂ ಅನ್ನಿಸಿತು. ಅದಕ್ಕೇ ಸಿಟ್ಟು ಇನ್ನೂ ಜಾಸ್ತಿಯಾಯಿತು.

ಆ ತಾತಾ ಬ್ಯಾಂಡಿಗೆ ಒಂದು ಸರಿಯಾದ ಹೆಸರಿದೆ. ‘ಒಂಬತ್ತು ಗಂಟೆ ಬ್ಯಾಂಡ್’. ಮದ್ರಾಸಿನ ಕೀಲ್ಪಾಕ್‌ನಲ್ಲಿ ಭವಾನಿಯವರ ಫ್ಲಾಟಿನ ಕಾರ್ ಶೆಡ್ಡಿನಲ್ಲಿ ಪ್ರತಿ ಭಾನುವಾರ ಒಂಬತ್ತಕ್ಕೆ ಸೇರುತ್ತದೆ. ಒಂಬತ್ತಕ್ಕೆ ಅಂದರೆ ಒಂಬತ್ತೂವರೆಗೆ. ಕಾಫಿ ಬರುವ ತನಕ ಯಾರೂ ವಾದ್ಯ ಮುಟ್ಟುವುದಿಲ್ಲ, ಮುಟ್ಟಿದ ಮೇಲೆ ಊಟದ ತನಕ ಬಿಡುವುದೂ ಇಲ್ಲ. ಮೂವತ್ತೆಂಟು ವರ್ಷದಿಂದ ಹೀಗೇ ನಡೆದಿದೆ. ಒಂದು ರೂಪಾಯಿ ಯಾರೂ ಕೊಟ್ಟಿಲ್ಲ, ಯಾರೂ ಕೇಳಿಲ್ಲ.

ಹಾರ್ಮೋನಿಯಂ ಭವಾನಿಯ ಅಜ್ಜ ವೀರಪ್ಪನವರದು. ಮೌತ್ ಆರ್ಗನ್ ಎರಡನೇ ಮಹಡಿಯ ಬದರಿನಾಥ ಮಾಮನದು. ಬುಲ್‌ಬುಲ್ ತರಂಗ ನುಡಿಸುವವರು ಎಪ್ಪತ್ತೆಂಟು ವರ್ಷದ ಕಲ್ಯಾಣಮ್ಮ, ಪಕ್ಕದ ಬೀದಿಯಿಂದ ಆಟೋದಲ್ಲಿ ಬರುತ್ತಾರೆ. ಡೋಲಕ್ ಕುಮಾರಸ್ವಾಮಿ ಅಂಕಲ್‌ದು. ಅವರಿಗೆ ಐವತ್ತಾರು ವರ್ಷ, ಸೀರೆ ಅಂಗಡಿ ಇದೆ. ಆಮೇಲೆ ಭವಾನಿ, ಹನ್ನೊಂದು ವರ್ಷ, ಕೀಬೋರ್ಡ್.

ಬ್ಯಾಂಡಿನಲ್ಲಿ ಎರಡು ಪದ್ಧತಿ ಇವೆ. ಒಂದು: ಎಲ್ಲರಿಗಿಂತ ಚಿಕ್ಕವರು ಎಣಿಕೆ ಕೊಡಬೇಕು. ಅವರು ‘ಒಂದು, ಎರಡು, ಮೂರು, ನಾಲ್ಕು’ ಅಂದ ಮೇಲೇ ಉಳಿದವರು ಶುರು ಮಾಡುವುದು. ಅದೂ ಕನ್ನಡದಲ್ಲಿ. “ಮದ್ರಾಸಿನಾಗ ಇಡೀ ವಾರ ಬ್ಯಾರೆ ಭಾಷೆ ಮಾತಾಡ್ತೀವಿ, ನಾಕು ಅಂಕಿನಾದ್ರೂ ನಮ್ಮವು ಇರಲಿ” ಅನ್ನುವುದು ಅಜ್ಜನ ವಾದ.

ಎರಡನೆಯದು: ಬ್ಯಾಂಡಿಗೆ ಸೇರಿದವರು ಹಾರ್ಮೋನಿಯಂ ಪೆಟ್ಟಿಗೆಯ ಮುಚ್ಚಳದ ಒಳಗೆ ಹೆಸರು, ತಾರೀಖು ಬರೆಯಬೇಕು. ಬಿಡುವ ದಿನ ಅದರ ಮುಂದೆ ಇನ್ನೊಂದು ತಾರೀಖು ಬರೆಯಬೇಕು. ಯಾಕೆ ಬಿಡ್ತೀಯ ಅಂತ ಯಾರೂ ಕೇಳಬಾರದು. ಅಲ್ಲಿ ಹದಿನೇಳು ಹೆಸರುಗಳಿವೆ. ಹನ್ನೆರಡರ ಮುಂದೆ ಎರಡನೇ ತಾರೀಖೂ ಇದೆ. ವಿಷ್ಣುತೀರ್ಥ ಅನ್ನುವ ಹೆಸರಿನ ಮುಂದಿರುವ ಎರಡನೇ ತಾರೀಖು ಅಜ್ಜನ ಅಕ್ಷರದಲ್ಲಿದೆ. ಆ ಪಿಟೀಲು ತಾತನಿಗೆ ತಾನೇ ಬರೆಯಲು ಆಗಲಿಲ್ಲ.

ಹದಿನೇಳನೆಯ ಹೆಸರು ಭವಾನಿಯದು. ಒಂದನೇ ಕ್ಲಾಸಿನಲ್ಲಿ ಬರೆದದ್ದು, ‘ಭ’ ಸ್ವಲ್ಪ ಸೊಟ್ಟಗಿದೆ.

ಶನಿವಾರ ಅಮ್ಮ ಫಾರಂಗೆ ಸೈನ್ ಹಾಕಿದಳು. “ನಿಂಗ ಏನು ಬೇಕೋ ಅದನ್ನ ಮಾಡು. ಆದ್ರ ಅಜ್ಜಗ ನೀನ ಹೇಳಬೇಕು, ನಾ ಹೇಳೋದಿಲ್ಲ” ಅಂದಳು.

ಫಾರಂ ಅರ್ಧ ದಿನ ಊಟದ ಮೇಜಿನ ಮೇಲೇ ಬಿದ್ದಿತ್ತು. ಆ ಮೇಜಿನಲ್ಲೇ ಅಜ್ಜ ಪೇಪರ್ ಓದಿದರು, ಅನ್ನ ಉಂಡರು, ಮಾತ್ರೆ ನುಂಗಿದರು. ಫಾರಂ ನೋಡಿದರೋ ಇಲ್ಲವೋ, ಭವಾನಿಗೆ ತಿಳಿಯಲಿಲ್ಲ. ಸಂಜೆ ಅವಳು ಫಾರಂ ಮಡಚಿ ಕೀಬೋರ್ಡ್ ಬ್ಯಾಗಿನ ಜಿಪ್‌ನೊಳಗೆ ಇಟ್ಟಳು.

ಹೇಳುವುದನ್ನು ಹಾಸಿಗೆಯಲ್ಲಿ ಮಲಗಿಕೊಂಡೇ ಪ್ರಾಕ್ಟೀಸ್ ಮಾಡಿದಳು. ‘ಅಜ್ಜ, ನೀವೆಲ್ಲಾ ತುಂಬಾ ಸ್ಲೋ.’ ಬೇಡ, ಇದು ಚೆನ್ನಾಗಿಲ್ಲ. ‘ಅಜ್ಜ, ನಂಗೆ ಹೋಮ್‌ವರ್ಕ್ ಜಾಸ್ತಿ.’ ಇದು ಸುಳ್ಳು. ಆದರೆ ಸ್ಲೋ ಅನ್ನುವುದು ಸುಳ್ಳಲ್ಲವಲ್ಲ! ಅಜ್ಜ ತಾನೇ ಕಟ್ಟಿದ ಒಂದು ಟ್ಯೂನ್ ಇದೆ, ‘ಮೇಲ್ ಗಾಡಿ’ ಅಂತ. ಹುಬ್ಬಳ್ಳಿಯಿಂದ ಮೊದಲ ಸಲ ಮದ್ರಾಸಿಗೆ ಬರುವಾಗ ಹೊಳೆದದ್ದಂತೆ. ಹೆಸರು ಮೇಲ್ ಗಾಡಿ, ಓಡುವುದು ಗೂಡ್ಸ್ ಗಾಡಿಯ ಹಾಗೆ. ಹೋದ ವರ್ಷ ಕನ್ನಡ ಸಂಘದ ಪ್ರೋಗ್ರಾಮಿನಲ್ಲಿ ಅದನ್ನು ನುಡಿಸಿ ಮುಗಿಸುವಷ್ಟರಲ್ಲಿ ಅರ್ಧ ಜನ ಊಟಕ್ಕೆ ಎದ್ದು ಹೋಗಿದ್ದರು.

ಭಾನುವಾರ ಒಂಬತ್ತೂವರೆಗೆ ಕಾಫಿ ಬಂತು.

“ಇವತ್ತು ಒಂದು ಸರ್‌ಪ್ರೈಸ್ ಐತಿ” ಎನ್ನುತ್ತಾ ಕುಮಾರಸ್ವಾಮಿ ಅಂಕಲ್ ಒಂದು ಪುಟ್ಟ ಸ್ಪೀಕರ್ ತೆಗೆದರು. “ಬೀರು ಕ್ಲೀನ್ ಮಾಡುವಾಗ ಹಳೇ ಕ್ಯಾಸೆಟ್ ಸಿಕ್ತು. ಅಂಗಡಿ ಹುಡುಗಿ ಕೈಲಿ ಮೊಬೈಲಿಗೆ ಹಾಕ್ಸಿದೀನಿ.”

ಭವಾನಿ ಬಾಯಿ ತೆರೆದವಳು ಮುಚ್ಚಿಕೊಂಡಳು. ಇದಾದ ಮೇಲೆ ಹೇಳಿದರಾಯಿತು.

ಮೊದಲು ಬರೀ ಗೊರಗೊರ ಸದ್ದು. ಯಾರೋ ಕೆಮ್ಮಿದರು. ಆಮೇಲೆ ಒಬ್ಬ ಗಂಡಸು ಪಟಪಟನೆ ‘ಒಂದೆರಡ್ಮೂರ್ನಾಕು’ ಅಂದ. ಅಷ್ಟೇ, ಹಾರ್ಮೋನಿಯಂ, ಪಿಟೀಲು, ಬುಲ್‌ಬುಲ್, ಡೋಲಕ್ ಎಲ್ಲಾ ಒಟ್ಟಿಗೆ ನುಗ್ಗಿದವು. ಸೇತುವೆ ಮೇಲೆ ಟ್ರೇನ್ ಹೋದ ಹಾಗೆ ಕಾರ್ ಶೆಡ್ ಧಡಧಡ ಅಂತು. ಗೇಟಿನ ಹತ್ತಿರ ತೂಕಡಿಸುತ್ತಿದ್ದ ವಾಚ್‌ಮನ್ ಎದ್ದು ನಿಂತ.

ಭವಾನಿಗೆ ಆ ಟ್ಯೂನಿನ ಒಂದೊಂದು ಸ್ವರವೂ ಗೊತ್ತಿತ್ತು. ಆದರೂ ಅದು ಯಾವುದೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

“ಇದು ಮೇಲ್ ಗಾಡಿನಾ? ಸೆಮ ಫಾಸ್ಟ್, ಸಿಕ್ಕಾಪಟ್ಟೆ ಫಾಸ್ಟ್! ಯಾರು ಬಾರಿಸ್ತಿರೋದು?”

“ಯಾರಂದ್ರ? ನಾವ” ಎಂದರು ಅಜ್ಜ.

“ಬುಲ್‌ಬುಲ್?”

“ನಾನೇ ಕಣಮ್ಮ” ಎಂದು ಕಲ್ಯಾಣಮ್ಮ ಸೆರಗಿನಿಂದ ಕನ್ನಡಕ ಒರೆಸಿಕೊಂಡರು. “ಆವಾಗ ನನ್ನ ಬೆರಳು ಹಿಡಿಯೋರು ಯಾರಿದ್ರು!”

“ಎಣಿಸಿದ್ದು ನಾನು” ಎಂದು ಕುಮಾರಸ್ವಾಮಿ ಅಂಕಲ್ ಎದೆ ತಟ್ಟಿಕೊಂಡರು. “ಆವಾಗ ನಾನೇ ಚಿಕ್ಕವ.”

“ಮತ್ತೆ ಈಗ ಯಾಕೆ ಸ್ಲೋ ಆದ್ರಿ? ವಯಸ್ಸಾಯ್ತು ಅಂತಾನಾ?”

ಕೇಳಿದ ಮೇಲೆ ಭವಾನಿ ನಾಲಿಗೆ ಕಚ್ಚಿಕೊಂಡಳು. ನಾಲ್ಕೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರಿಗೂ ಬೇಜಾರಾದ ಹಾಗೆ ಕಾಣಲಿಲ್ಲ. ಮರೆತುಹೋದ ಏನನ್ನೋ ನೆನಪು ಮಾಡಿಕೊಳ್ಳುತ್ತಿರುವ ಹಾಗಿತ್ತು.

“ವಯಸ್ಸು ಏನಿಲ್ಲ ಮಾ” ಎಂದರು ಬದರಿನಾಥ ಮಾಮ. “ನೀನು ಬಂದೆ ಇಲ್ಲವಾ, ಅಂದಿನಿಂದ ದಾ ಸ್ಲೋ.”

“ನಾನಾ?”

“ಹೂಂ ಮತ್ತೆ” ಎಂದರು ಕಲ್ಯಾಣಮ್ಮ. “ಇಷ್ಟುದ್ದ ಇದ್ದೆ. ಆ ಸ್ಟೂಲ್ ಮೇಲೆ ನಿಲ್ಲಿಸಿ, ಎಣಿಸು ಪುಟ್ಟಿ ಅಂದ್ವಿ. ತಮಿಳಲ್ಲಿ ಒಣ್ಣು ರೆಂಡು ಅಂತ ಪಟಪಟ ಹೇಳ್ದೆ. ನಿಮ್ಮಜ್ಜ ಬಿಡಬೇಕಲ್ಲ, ಕನ್ನಡದಲ್ಲೇ ಆಗ್ಬೇಕು ಅಂದ್ರು. ಒಂದೂ... ಅಂದೆ. ಎರಡು ನೆನಪಾಗ್ಲಿಲ್ಲ. ಸೂರು ನೋಡ್ದೆ. ಎರಡೂ... ಅಂದೆ. ಮೂರಕ್ಕೆ ನಿಮ್ಮಜ್ಜನ ಬಾಯಿ ನೋಡ್ದೆ. ನಾಲ್ಕು ಬರೋ ಹೊತ್ತಿಗೆ ನನ್ನ ಕಾಫಿ ಆರಿಹೋಗಿತ್ತು!”

ಎಲ್ಲರೂ ನಕ್ಕರು. ಭವಾನಿ ನಗಲಿಲ್ಲ.

“ಎಣಿಕಿ ಹೆಂಗೋ ಹಂಗ ಗಾಡಿ” ಎಂದರು ಅಜ್ಜ. “ನೀ ಎಷ್ಟ್ ಸಾವಕಾಶ ಎಣಿಸಿದ್ಯೋ ಅಷ್ಟ ಸಾವಕಾಶ ಬಾರಿಸಿದ್ವಿ. ಮೊದಮೊದಲು ಭಾಳ ತ್ರಾಸಾತು. ಕುಮಾರಸ್ವಾಮಿ ಎರಡ್ ಸಲ ಮುಂದ ಓಡಿ ಬೈಸಿಕೊಂಡ.”

“ಆದ್ರೆ ಆಮೇಲೆ ನಂಗೆ ನಂಬರ್ಸ್ ಬಂತಲ್ಲಾ! ಸೆಕೆಂಡ್ ಸ್ಟ್ಯಾಂಡರ್ಡ್‌ನಲ್ಲೇ ಬಂತು. ಫಾಸ್ಟ್ ಮಾಡು ಅಂತ ಯಾಕೆ ಹೇಳ್ಲಿಲ್ಲ?”

“ನೀನ ಮಾಡಲಿಲ್ಲಲ್ಲವ್ವಾ. ನಿನಗ ಹಂಗ ಇಷ್ಟ ಅಂತ ತಿಳಕೊಂಡ್ವಿ.”

ಮೇಲ್ ಗಾಡಿ ಅಷ್ಟೇ ನಿಧಾನ ಅಂತ ಅವಳು ತಿಳಿದಿದ್ದಳು, ಏಕೆಂದರೆ ಅವಳು ಕೇಳಿದ್ದೇ ಹಾಗೆ. ಭವಾನಿಗೆ ನಿಧಾನವೇ ಇಷ್ಟ ಅಂತ ಅವರು ತಿಳಿದಿದ್ದರು. ಹೀಗೆ ಐದು ವರ್ಷ ಕಳೆದಿತ್ತು. ಅವಳು ಇವರನ್ನು ತಾತಾ ಬ್ಯಾಂಡ್ ಅಂದ ನೇಹಾಳ ಮಾತು ನಂಬಿ, ಬಿಡ್ತೀನಿ ಅಂತ ಹೇಳಿ ಹೊರಟುಬಿಡೋಣ ಅಂತ ಬಂದಿದ್ದಳು. ‘ಯಾರುಕ್ಕಾಗ ವೆಯ್ಟ್ ಪಣ್ಣರೆ’ ಎಂದ ಸರ್ ಮಾತು ನೆನಪಾಯಿತು. ಕಾಯುತ್ತಿದ್ದವಳು ಅವಳಲ್ಲ, ಇವರು. ಅವಳು ಕಾಫಿ ಲೋಟಗಳನ್ನು ಎತ್ತಿಡುವ ನೆಪದಲ್ಲಿ ಮುಖ ಆ ಕಡೆ ತಿರುಗಿಸಿದಳು.

“ನಾನು ಈಗ ಫಾಸ್ಟಾಗಿ ಎಣಿಸ್ಲಾ?” ಎಂದಳು.

“ಅಯ್ಯೋ ಎಣಿಸು!” ಎಂದು ಕುಮಾರಸ್ವಾಮಿ ಅಂಕಲ್ ಡೋಲಕ್ ಮಡಿಲಿಗೆ ಎಳೆದುಕೊಂಡರು.

“ಒಂದೆರಡ್ಮೂರ್ನಾಕು!”

ಗಾಡಿ ಹೊರಟಿತು. ಹೊರಟಿತು ಅಂದರೆ ಮೊದಲು ಹಳಿ ತಪ್ಪಿತು. ಬದರಿನಾಥ ಮಾಮ ಒಂದು ಸಾಲು ನುಂಗಿದರು, ಭವಾನಿ ಎರಡು ತಪ್ಪು ಕೀ ಒತ್ತಿದಳು. ಮೂರನೇ ಸಾಲಿಗೆ ಎಲ್ಲರೂ ಒಬ್ಬರನ್ನೊಬ್ಬರು ಹಿಡಿದರು. ಆಮೇಲೆ ಕೇಳುವುದೇ ಬೇಡ. ಅಜ್ಜ ಕಣ್ಣು ಮುಚ್ಚಿಕೊಂಡು ಹಾರ್ಮೋನಿಯಂನ ತಿದಿ ಒತ್ತುತ್ತಿದ್ದರು, ಅವರ ಕಾಲು ಚಪ್ಪಲಿಯಿಂದ ಹೊರಬಂದು ನೆಲ ಕುಟ್ಟುತ್ತಿತ್ತು. ಅವಳ ಬೆರಳುಗಳೂ ಓಡುತ್ತಿದ್ದವು, ಅವು ಇಷ್ಟು ಓಡಬಲ್ಲವೆಂದು ಅವಳಿಗೇ ಗೊತ್ತಿರಲಿಲ್ಲ. ಎಷ್ಟು ಖುಷಿಯಾಯಿತು ಎಂದರೆ ಅವಳು ಜೋರಾಗಿ ನಗತೊಡಗಿದಳು.

ಕೊನೆಯ ಸಾಲಿನ ಹೊತ್ತಿಗೆ ಬುಲ್‌ಬುಲ್ ಕೇಳಿಸಲಿಲ್ಲ. ಕಲ್ಯಾಣಮ್ಮ ಕೈ ಎತ್ತಿ ಕುಳಿತಿದ್ದರು. ಅವರೂ ನಗುತ್ತಲೇ ಇದ್ದರು, ಆದರೆ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಬಲಗೈ ಬೆರಳುಗಳನ್ನು ಎಡಗೈಯಲ್ಲಿ ಒತ್ತಿಕೊಳ್ಳುತ್ತಿದ್ದರು.

“ನಾನು ನಡುವಿನ ಸ್ಟೇಷನ್‌ನಲ್ಲೇ ಇಳಿದುಬಿಟ್ಟೆ” ಎಂದರು.

ಅಜ್ಜ ಹಾರ್ಮೋನಿಯಂ ಬದಿಗೆ ಸರಿಸಿ ಪೆಟ್ಟಿಗೆಯ ಮುಚ್ಚಳ ತಿರುಗಿಸಿದರು. ಜೇಬಿನಿಂದ ಪೆನ್ ತೆಗೆದು ಭವಾನಿಯ ಮುಂದೆ ಹಿಡಿದರು. ಮನೆಯಿಂದ ಬರುವಾಗಲೇ ಇಟ್ಟುಕೊಂಡು ಬಂದಿರಬೇಕು.

“ಫಾರಂ ನೋಡೀನಿ” ಎಂದರು ಮೆಲ್ಲಗೆ. “ನಿನಗ ಬರೀಬೇಕು ಅನಿಸಿದ್ರ ಬರಿ. ನಾ ಯಾಕ ಅಂತ ಕೇಳಂಗಿಲ್ಲ. ಯಾರೂ ಕೇಳಂಗಿಲ್ಲ.”

ಭವಾನಿ ಪೆನ್ ತೆಗೆದುಕೊಂಡಳು.

“ಇವಳು ಹೋದ್ರೆ ಮತ್ತೆ ನಾನೇ ಚಿಕ್ಕವ!” ಎಂದರು ಕುಮಾರಸ್ವಾಮಿ ಅಂಕಲ್. ತಮಾಷೆಗೆ ಹೇಳಿದ್ದು. ಆದರೆ ಯಾರೂ ನಗಲಿಲ್ಲ, ಅವರೂ ನಗಲಿಲ್ಲ.

ಸೊಟ್ಟ ‘ಭ’ದ ಸಾಲಿನಲ್ಲಿ, ಮೊದಲ ತಾರೀಖಿನ ಮುಂದೆ ಖಾಲಿ ಜಾಗವಿತ್ತು. ಭವಾನಿ ಅದನ್ನು ನೋಡಿದಳು. ಕೊಯಮತ್ತೂರಿನ ಟ್ರೇನ್ ನೆನಪಾಯಿತು. ನೇಹಾ ಕಿಟಕಿ ಪಕ್ಕ ಕೂತು ಚಿಪ್ಸ್ ತಿನ್ನುತ್ತಾ ಹೋಗುತ್ತಾಳೆ, ಬಂದ ಮೇಲೆ ಒಂದು ವಾರ ಅದೇ ಕತೆ ಹೇಳುತ್ತಾಳೆ. ಕೇಳುವಾಗ ಹೊಟ್ಟೆ ಉರಿಯುತ್ತದೆ, ಅದೂ ಗೊತ್ತಿತ್ತು. ಸರ್‌ಗೆ ನಾಳೆ ಏನು ಹೇಳಬೇಕು ಅನ್ನುವುದನ್ನು ಮನಸ್ಸಿನಲ್ಲೇ ಒಂದು ಸಲ ಹೇಳಿ ನೋಡಿದಳು. ಹಾಸಿಗೆಯಲ್ಲಿ ಪ್ರಾಕ್ಟೀಸ್ ಮಾಡಿದ್ದಕ್ಕಿಂತ ಇದು ಸುಲಭವಾಗಿತ್ತು.

ಪೆನ್ನಿನ ಕ್ಯಾಪ್ ಹಾಕಿ ಅಜ್ಜನ ಜೇಬಿಗೆ ಸಿಕ್ಕಿಸಿದಳು. ಅಜ್ಜ ಮುಚ್ಚಳವನ್ನು ಗೋಡೆಗೆ ಒರಗಿಸಿ, ಮೂಗು ಒಂದು ಸಲ ಜೋರಾಗಿ ಒರೆಸಿಕೊಂಡು, ಹಾರ್ಮೋನಿಯಂ ಹತ್ತಿರ ಎಳೆದುಕೊಂಡರು.

“ಇನ್ನೊಂದ್ ಸಲ ಮೇಲ್ ಗಾಡಿ” ಎಂದಳು ಭವಾನಿ.

ಎಲ್ಲರೂ ಅವಳ ಬಾಯಿ ನೋಡಿದರು. ಅವಳು ಕಲ್ಯಾಣಮ್ಮನ ಕೈ ನೋಡುತ್ತಿದ್ದಳು. ಅವರು ಬೆರಳು ಮಡಚಿ ಬಿಚ್ಚಿದರು. ಸೆರಗಿನಲ್ಲಿ ಅಂಗೈ ಒರೆಸಿಕೊಂಡರು. ಬುಲ್‌ಬುಲ್ ಸರಿಮಾಡಿ ಇಟ್ಟುಕೊಂಡರು. ಉಸಿರು ತಹಬಂದಿಗೆ ಬಂತು. ಆಮೇಲೆ ತಲೆಯೆತ್ತಿ ಅವಳ ಕಡೆ ನೋಡಿದರು.

ಅಲ್ಲಿಯವರೆಗೂ ಭವಾನಿ ಕಾದಳು. ಆಮೇಲೆ ಎಣಿಸಿದಳು. ಕ್ಯಾಸೆಟ್ಟಿನಷ್ಟು ಬೇಗ ಅಲ್ಲ, ಸ್ಟೂಲಿನ ಮೇಲೆ ನಿಂತ ಪುಟ್ಟ ಹುಡುಗಿಯಷ್ಟು ನಿಧಾನವೂ ಅಲ್ಲ.

“ಒಂದು, ಎರಡು, ಮೂರು, ನಾಲ್ಕು.”

ಎಲ್ಲರೂ ಒಟ್ಟಿಗೆ ಹೊರಟರು.